ಮನೆಯ ವಿಮೆ ಎಂಬ ಪಠ್ಯ

ಮೂವತ್ತೈದು ವರ್ಷಗಳ ಕಾಲ ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವನು. ಹಳಗನ್ನಡದ ಒಂದು ಪದ್ಯವನ್ನು ಕೈಗೆತ್ತಿಕೊಂಡರೆ ಅನ್ವಯ ಮಾಡಿ, ಸಮಾಸ ಬಿಡಿಸಿ, ವಿಭಕ್ತಿ ಗುರುತಿಸಿ, ಪಾಠಾಂತರಗಳನ್ನು ಹೋಲಿಸಿ ನೋಡದೆ ಮುಂದಿನ ಪದ್ಯಕ್ಕೆ ಹೋಗಬಾರದೆಂಬುದು ನನ್ನ ಹಟ. ಒಂದು ಅವ್ಯಯವನ್ನು ಹಾರಿಸಿ ಓದಿದ ವಿದ್ಯಾರ್ಥಿಯನ್ನೂ ನಾನು ಸುಮ್ಮನೆ ಬಿಟ್ಟವನಲ್ಲ. ಅಂಥ ನಾನು, ಇಪ್ಪತ್ತು ವರ್ಷ ನನ್ನ ಮನೆಯ ಕಪಾಟಿನಲ್ಲಿಯೇ ಬಿದ್ದಿದ್ದ ಕೆಲವೇ ಪುಟಗಳ ಒಂದು ಬರಹವನ್ನು ಒಮ್ಮೆಯೂ ಓದಿರಲಿಲ್ಲ. ಅದರಲ್ಲಿ ಛಂದಸ್ಸಿರಲಿಲ್ಲ, ಅಲಂಕಾರವಿರಲಿಲ್ಲ. ಇದ್ದುದು ನನ್ನ ಮನೆಯ ವಿಷಯ ಮಾತ್ರ. ಅದು ಮನೆಯ ವಿಮಾ ಪಾಲಿಸಿ. ಅದನ್ನು ಓದದೆ ಇದ್ದುದಕ್ಕೆ ನಾನು ತೆತ್ತ ಬೆಲೆಯನ್ನೂ ಆಮೇಲೆ ಓದಿ ತಿಳಿದುಕೊಂಡದ್ದನ್ನೂ ಇಂದು ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ನಾನು ಧಾರವಾಡದಲ್ಲಿ ನೆಲೆಸಿದವನು. 1998ರಲ್ಲಿ ಬ್ಯಾಂಕಿನಿಂದ ಇಪ್ಪತ್ತು ವರ್ಷದ ಸಾಲ ತೆಗೆದು ಒಂದು ಸಣ್ಣ ಮನೆ ಕಟ್ಟಿಸಿದೆ. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯ ಮೊದಲರ್ಧದ ಅರ್ಥ ಆಗ ನನಗೆ ಚೆನ್ನಾಗಿ ಆಯಿತು. ಸಾಲದ ಕಾಗದಗಳಿಗೆ ರುಜು ಹಾಕಿಸಿಕೊಳ್ಳುವಾಗ ಬ್ಯಾಂಕಿನವರು ವಿಮೆಯ ಕಾಗದವೊಂದನ್ನೂ ಮುಂದಿಟ್ಟರು. ಅದಕ್ಕೂ ರುಜು ಹಾಕಿದೆ. ವರ್ಷ ವರ್ಷವೂ ಅವರೇ ನನ್ನ ಖಾತೆಯಿಂದ ಹಣ ತೆಗೆದು ಅದನ್ನು ನವೀಕರಿಸುತ್ತಿದ್ದರು. ನನ್ನ ಮನೆಗೆ ವಿಮೆಯಿದೆಯೆಂದು ನಾನು ನಿಶ್ಚಿಂತನಾಗಿದ್ದೆ. 2018ರಲ್ಲಿ ಸಾಲ ತೀರಿತು. ಅದೇ ವರ್ಷ ನಿವೃತ್ತಿಯೂ ಆಯಿತು. ಎರಡು ಋಣಗಳು ಒಟ್ಟಿಗೆ ಹರಿದವೆಂದು ಹಗುರಾದೆ.

2019ರ ಆಗಸ್ಟ್ ತಿಂಗಳ ಮಳೆ ನಿಮಗೆ ನೆನಪಿರಬೇಕು. ಕೃಷ್ಣೆ, ಘಟಪ್ರಭೆ, ಮಲಪ್ರಭೆಯರು ಉಕ್ಕಿ ಬೆಳಗಾವಿ, ಬಾಗಲಕೋಟೆ, ಗದಗ ಜಿಲ್ಲೆಗಳ ಊರೂರುಗಳನ್ನೇ ನುಂಗಿದ ಮಳೆ ಅದು. ಧಾರವಾಡದಲ್ಲಿ ದೊಡ್ಡ ನದಿಯಿಲ್ಲ, ಆದುದರಿಂದ ನಮಗೆ ನೆರೆಯ ಭಯವಿಲ್ಲವೆಂದು ನಾವು ಭಾವಿಸಿದ್ದೆವು. ಆದರೆ ನಮ್ಮ ಓಣಿಯ ಹಿಂದೆ ಒಂದು ನಾಲೆಯಿದೆ. ಒಂದು ರಾತ್ರಿ ಅದು ತುಂಬಿ ಬಂದು ನಮ್ಮ ಹಿತ್ತಲ ಗೋಡೆಯನ್ನು ಕೆಡವಿತು. ನಾನು ಎದ್ದು ದೀಪ ಹಚ್ಚುವುದರೊಳಗೆ ಓದುವ ಕೋಣೆಯಲ್ಲಿ ಮೊಣಕಾಲೆತ್ತರದ ಕೆಸರು ನೀರು ನಿಂತಿತ್ತು. ಕಪಾಟಿನ ಕೆಳಗಿನ ಎರಡು ಸಾಲಿನ ಪುಸ್ತಕಗಳು ಮುಳುಗಿದ್ದವು. ಮಂಚದ ಕೆಳಗಿದ್ದ ಟ್ರಂಕು ಮುಳುಗಿತ್ತು. ಆ ಟ್ರಂಕಿನ ಮಾತನ್ನು ಆಮೇಲೆ ಹೇಳುತ್ತೇನೆ.

ನೀರು ಇಳಿದ ಮೇಲೆ ಲೆಕ್ಕ ಹಾಕಿದೆವು. ಬಿದ್ದ ಗೋಡೆ, ಉಬ್ಬಿದ ಬಾಗಿಲುಗಳು, ಕೆಟ್ಟ ವಿದ್ಯುತ್ ತಂತಿ, ಫ್ರಿಜ್ಜು, ಮಂಚ, ಹಾಸಿಗೆ ಎಲ್ಲ ಸೇರಿ ಎರಡೂವರೆ ಲಕ್ಷ ರೂಪಾಯಿ ದಾಟಿತು. ವಿಮೆಯಿದೆಯಲ್ಲ ಎಂದು ಬ್ಯಾಂಕಿಗೆ ಹೋದೆ. ಅಲ್ಲಿದ್ದ ತರುಣ ಬಹಳ ವಿನಯದಿಂದ ಕಂಪ್ಯೂಟರಿನಲ್ಲಿ ನೋಡಿ, “ಸಾಲ ಮುಗೀತಲ್ರೀ ಸರ, ಅದರ ಜೋಡಿ ಇನ್ಶುರನ್ಸೂ ಮುಗೀತ್ರೀ” ಎಂದ. ಆ ವಿಮೆ ಬ್ಯಾಂಕು ತಾನು ಕೊಟ್ಟ ಹಣದ ಭದ್ರತೆಗಾಗಿ ಮಾಡಿಸಿದ್ದು. ಹಣ ಅವರಿಗೆ ಮರಳಿ ಬಂತು, ಅವರ ಭಯ ತೀರಿತು. ನನ್ನ ಭಯ ನನ್ನ ಪಾಲಿಗೆ ಉಳಿಯಿತು.

ಆತನನ್ನು ದೂರುವಂತಿರಲಿಲ್ಲ. ಮನೆಗೆ ಬಂದು ಹಳೆಯ ಕಡತ ತೆಗೆದು ಆ ಪಾಲಿಸಿಯನ್ನು ಮೊದಲ ಬಾರಿಗೆ ಓದಿದೆ. ನಾಲ್ಕು ಸಂಗತಿಗಳು ಸ್ಪಷ್ಟವಾಗಿ ಅಚ್ಚಾಗಿದ್ದವು. ಅದು ಕಟ್ಟಡಕ್ಕೆ ಮಾತ್ರ ಇದ್ದ ವಿಮೆ; ಒಳಗಿನ ಒಂದು ಚಮಚಕ್ಕೂ ಅನ್ವಯಿಸುತ್ತಿರಲಿಲ್ಲ. ವಿಮೆಯ ಮೊಬಲಗು ನಾನು ತೆಗೆದ ಸಾಲದಷ್ಟೇ ಇತ್ತು. ಮನೆಯನ್ನು ಮತ್ತೆ ಕಟ್ಟಲು ಬೇಕಾಗುವಷ್ಟಲ್ಲ. ಪರಿಹಾರದ ಹಣ ಮೊದಲು ಬ್ಯಾಂಕಿಗೆ ಸಲ್ಲತಕ್ಕದ್ದೆಂದಿತ್ತು. ನಾಲ್ಕನೆಯದು, ಅದರ ಅವಧಿ ಒಂದು ವರ್ಷ. ನವೀಕರಿಸದಿದ್ದರೆ ಅದು ಬರಿಯ ಕಾಗದ. ನನ್ನ ವಿದ್ಯಾರ್ಥಿಯೊಬ್ಬ ಇಷ್ಟು ಅಜಾಗರೂಕತೆಯಿಂದ ಓದಿದ್ದರೆ ನಾನು ಅವನಿಗೆ ಒಂದಂಕಿಯ ಅಂಕ ಕೊಡುತ್ತಿದ್ದೆ.

ಎದುರು ಮನೆಯಲ್ಲಿ ನಿವೃತ್ತ ಅಂಚೆ ಮಾಸ್ತರರೊಬ್ಬರಿದ್ದಾರೆ. ಅವರ ಮನೆಗೂ ನೀರು ನುಗ್ಗಿತ್ತು. ಆದರೆ ಅವರು ಸ್ವಂತವಾಗಿ ವಿಮೆ ಮಾಡಿಸಿ, ಅದನ್ನು ಓದಿ, ಇಂಥ ಕಪಾಟಿನ ಇಂಥ ಖಾನೆಯಲ್ಲಿದೆಯೆಂದು ಮಗಳಿಗೂ ಹೇಳಿಟ್ಟಿದ್ದರು. ಎರಡೂವರೆ ತಿಂಗಳಲ್ಲಿ ಅವರಿಗೆ ಹಣ ಬಂತು. ಒಂದು ಸಂಜೆ ನಮ್ಮ ಕಟ್ಟೆಯ ಮೇಲೆ ಕುಳಿತು, “ಏನ್ರೀ ಪ್ರೊಫೆಸರ್ ಸಾಹೇಬ್ರ, ಪಂಪನ್ನ ಓದೀರಿ, ಪಾಲಿಸಿ ಓದಲಿಲ್ಲೇನ್ರಿ?” ಎಂದರು. ಅವರ ಮಾತಿನಲ್ಲಿ ಕುಚೋದ್ಯವಿತ್ತು, ಕೇಡಿರಲಿಲ್ಲ. ಅಂದಿನಿಂದ ಈ ಶಾಸ್ತ್ರದಲ್ಲಿ ಅವರು ನನ್ನ ಗುರುಗಳು.

ಶಬ್ದದಿಂದಲೇ ಆರಂಭಿಸೋಣ. ಫಾರಸಿಯಲ್ಲಿ ‘ಬೀಮ್’ ಎಂದರೆ ಭಯ. ಅದರಿಂದ ‘ಬೀಮಾ’. ಮರಾಠಿಯಲ್ಲಿ ಅದು ‘ವಿಮಾ’ ಆಗಿ, ಕನ್ನಡದಲ್ಲಿ ‘ವಿಮೆ’ಯಾಗಿದೆ. ಭಯದ ಹೊಟ್ಟೆಯಲ್ಲಿ ಹುಟ್ಟಿದ ಶಬ್ದ ಭದ್ರತೆಯ ಅರ್ಥ ಪಡೆದದ್ದು ವಿಚಿತ್ರವಾದರೂ ಸಹಜವೇ. ನಮ್ಮ ಸಂಸ್ಕೃತ ಪರಂಪರೆಯಲ್ಲಿ ‘ಯೋಗಕ್ಷೇಮ’ ಎಂಬ ಒಂದು ಸಮಾಸವಿದೆ. ವ್ಯಾಖ್ಯಾನಕಾರರು ಅದನ್ನು ಬಿಡಿಸುವಾಗ, ಇಲ್ಲದ್ದನ್ನು ಪಡೆಯುವುದು ಯೋಗ, ಪಡೆದದ್ದನ್ನು ಕಾಪಾಡುವುದು ಕ್ಷೇಮ ಎನ್ನುತ್ತಾರೆ. ನಾವು ಮಧ್ಯಮ ವರ್ಗದವರು ಅರ್ಧ ಆಯುಷ್ಯವನ್ನು ಮನೆಯ ಯೋಗಕ್ಕಾಗಿ ಸವೆಸುತ್ತೇವೆ. ಕ್ಷೇಮದ ಮಾತು ಬಂದಾಗ ದೇವರ ಮೇಲೆ ಭಾರ ಹಾಕುತ್ತೇವೆ.

ಮನೆಯ ವಿಮೆ ಇಂದಿನ ರೂಪಕ್ಕೆ ಬಂದದ್ದು ಒಂದು ಬೆಂಕಿಯ ತರುವಾಯ. 1666ರ ಸೆಪ್ಟೆಂಬರಿನಲ್ಲಿ ಲಂಡನ್ ನಗರದ ಒಂದು ರೊಟ್ಟಿಯಂಗಡಿಯಲ್ಲಿ ಹೊತ್ತಿಕೊಂಡ ಕಿಡಿ ನಾಲ್ಕು ದಿನ ಉರಿದು 13 ಸಾವಿರಕ್ಕೂ ಹೆಚ್ಚು ಮನೆಗಳನ್ನೂ 87 ಇಗರ್ಜಿಗಳನ್ನೂ ಬೂದಿ ಮಾಡಿತು. ನಗರವನ್ನು ಮತ್ತೆ ಕಟ್ಟುತ್ತಿದ್ದಾಗ ನಿಕೊಲಸ್ ಬಾರ್ಬನ್ ಎಂಬಾತ, ವೈದ್ಯವಿದ್ಯೆ ಕಲಿತು ಕಟ್ಟಡದ ಕಂತ್ರಾಟಿಗೆ ಇಳಿದವನು, 1680ರ ಸುಮಾರಿಗೆ ಮನೆಗಳಿಗೆ ಬೆಂಕಿಯ ವಿಮೆ ಮಾಡುವ ಕಚೇರಿ ತೆರೆದ. ಇಟ್ಟಿಗೆಯ ಮನೆಗೆ ಒಂದು ದರ, ಮರದ ಮನೆಗೆ ಅದರ ಇಮ್ಮಡಿ. ಅಪಾಯ ಹೆಚ್ಚಿದ್ದಲ್ಲಿ ಕಂತೂ ಹೆಚ್ಚು ಎಂಬ ತತ್ತ್ವ ಅಲ್ಲಿಯೇ ಇದೆ. ಮುಂದೆ ಬಂದ ಕಂಪನಿಗಳು ತಾವು ವಿಮೆ ಮಾಡಿದ ಮನೆಯ ಮುಂಗೋಡೆಗೆ ತಮ್ಮ ಗುರುತಿನ ಲೋಹದ ಬಿಲ್ಲೆಯನ್ನು ಹೊಡೆಯುತ್ತಿದ್ದವು.

ಆದರೆ ಈ ಕಲ್ಪನೆಯ ಬೇರು ನಮಗೆ ಹೊಸದಲ್ಲ. ನನ್ನ ಬಾಲ್ಯದ ಹಳ್ಳಿಯಲ್ಲಿ ಒಬ್ಬರ ಗುಡಿಸಲಿಗೆ ಬೆಂಕಿ ಬಿದ್ದರೆ ಮರುದಿನವೇ ಒಬ್ಬರು ಬಿದಿರು, ಒಬ್ಬರು ಹುಲ್ಲು, ಒಬ್ಬರು ಎರಡು ಸೇರು ಜೋಳ ತಂದುಕೊಡುತ್ತಿದ್ದರು. ‘ಹತ್ತು ಜನರ ಕಡ್ಡಿ ಒಬ್ಬನ ತಲೆಹೊರೆ’ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ವಿಮೆಯೆಂದರೆ ಇಷ್ಟೆ: ಅನೇಕರು ಸಣ್ಣ ಕಂತು ಕೂಡಿಸಿಡುತ್ತಾರೆ; ಅವರಲ್ಲಿ ಯಾರೋ ಕೆಲವರಿಗೆ ದೊಡ್ಡ ನಷ್ಟವಾಗುತ್ತದೆ; ಕೂಡಿಟ್ಟದ್ದು ಅವರಿಗೆ ಸಲ್ಲುತ್ತದೆ. ನಷ್ಟವಾಗದವನು ಹಣ ವ್ಯರ್ಥವಾಯಿತೆಂದು ಹಲುಬಬೇಕಾಗಿಲ್ಲ. ಅವನ ಕಡ್ಡಿ ಇನ್ನೊಬ್ಬನ ಸೂರಿಗೆ ಹೋಗಿದೆ. ಹಳ್ಳಿಯ ವ್ಯವಸ್ಥೆಗೂ ಇದಕ್ಕೂ ಒಂದೇ ವ್ಯತ್ಯಾಸ. ಅಲ್ಲಿ ಮುಖದಾಕ್ಷಿಣ್ಯವಿತ್ತು, ಇಲ್ಲಿ ಬರಹದ ಕರಾರಿದೆ. ಕರಾರಿನಲ್ಲಿ ಬರೆದದ್ದು ಮಾತ್ರ ಸಿಕ್ಕುತ್ತದೆ. ಬರೆಯದೆ ಇದ್ದುದನ್ನು ಕೇಳುವಂತಿಲ್ಲ.

ನಮ್ಮ ದೇಶದಲ್ಲಿ ಸಾಮಾನ್ಯ ವಿಮೆಯ ಮೊದಲ ಕಂಪನಿ 1850ರಲ್ಲಿ ಕಲಕತ್ತೆಯಲ್ಲಿ ಆರಂಭವಾಯಿತು. 1973ರ ಜನವರಿ 1ರಿಂದ ರಾಷ್ಟ್ರೀಕರಣವಾಗಿ 107 ಸಂಸ್ಥೆಗಳು ನಾಲ್ಕು ಸರಕಾರೀ ಕಂಪನಿಗಳಲ್ಲಿ ಸೇರಿದವು. ಈ ಶತಮಾನದ ಆರಂಭದಲ್ಲಿ ಖಾಸಗಿಯವರಿಗೂ ಬಾಗಿಲು ತೆರೆಯಿತು. ಮನೆಯೊಡೆಯರ ಮಟ್ಟಿಗೆ ಮುಖ್ಯವಾದ ತಿರುವು 2021ರ ಏಪ್ರಿಲ್ 1ರದು. ಅಂದಿನಿಂದ ಬೆಂಕಿ ವಿಮೆಯ ವ್ಯವಹಾರ ನಡೆಸುವ ಕಂಪನಿಗಳೆಲ್ಲ ‘ಭಾರತ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಪಾಲಿಸಿಯನ್ನು ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ವಿಧಿಸಿತು. ಅದುವರೆಗಿನ ಪಾಲಿಸಿಗಳ ಭಾಷೆ ಕಾರಖಾನೆಗೂ ಗೋದಾಮಿಗೂ ಮನೆಗೂ ಒಂದೇ ಆಗಿತ್ತು. ಹೊಸದು ಮನೆಗೆಂದೇ ಬರೆದದ್ದು. ಸಾಮಾನ್ಯನಿಗೆ ತಿಳಿಯುವಂತೆ ‘ನೀವು’, ‘ನಾವು’ ಎಂದು ಮಾತನಾಡಿಸುವ ಪಾಲಿಸಿ. ನಾನು ಈಗ ಮಾಡಿಸಿರುವುದು ಅದನ್ನೇ. ಮುಂದೆ ಹೇಳುವುದೂ ಅದರ ಆಧಾರದಿಂದಲೇ.

ಈ ಪಠ್ಯವನ್ನು ಓದುವ ಕ್ರಮ ಯಾವುದು? ನನಗೆ ತಿಳಿದ ಕ್ರಮ ವಿಭಕ್ತಿಯದು. ‘ಯಾವುದನ್ನು’ ರಕ್ಷಿಸುತ್ತದೆ, ‘ಎಷ್ಟಕ್ಕೆ’ ರಕ್ಷಿಸುತ್ತದೆ, ‘ಯಾವುದರಿಂದ’ ರಕ್ಷಿಸುತ್ತದೆ: ಈ ಮೂರು ಪ್ರಶ್ನೆಗಳನ್ನು ಪಾಲಿಸಿಗೆ ಹಾಕಬೇಕು. ಕೊನೆಗೆ, ಅದು ಯಾವುದನ್ನು ‘ಬಿಟ್ಟಿದೆ’ ಎಂದು ಕೇಳಬೇಕು.

ಮೊದಲನೆಯದು, ಯಾವುದನ್ನು? ಮನೆಯೆಂದರೆ ಎರಡು: ಕಟ್ಟಡ ಮತ್ತು ಅದರೊಳಗಿನ ಸಾಮಾನು. ಕಟ್ಟಡವೆಂದರೆ ಗೋಡೆ, ಸೂರು, ನೆಲಗಟ್ಟು ಮಾತ್ರವಲ್ಲ. ಆವರಣದ ಗೋಡೆ, ನೀರಿನ ಟಾಕಿಯಂಥವೂ ಸೇರುತ್ತವೆ. ಸಾಮಾನೆಂದರೆ ಮೇಜು ಕುರ್ಚಿ, ಅಡಿಗೆಮನೆಯ ಸಲಕರಣೆ, ವಿದ್ಯುತ್ ಉಪಕರಣ, ಬಟ್ಟೆಬರೆ ಮುಂತಾದವು. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಅದರ ಮೊಬಲಗಿನ ನೂರಕ್ಕೆ 20ರಷ್ಟು, ಹೆಚ್ಚೆಂದರೆ 10 ಲಕ್ಷ ರೂಪಾಯಿಯವರೆಗೆ, ಸಾಮಾನುಗಳಿಗೂ ತಾನಾಗಿಯೇ ಒದಗುತ್ತದೆ. ಇನ್ನೂ ಹೆಚ್ಚು ಬೇಕಾದರೆ ಪಟ್ಟಿ ಕೊಟ್ಟು ಪಡೆಯಬಹುದು. ಬಾಡಿಗೆಯ ಮನೆಯಲ್ಲಿರುವವರು ಸಾಮಾನಿಗೆ ಮಾತ್ರ ವಿಮೆ ಮಾಡಿಸಬಹುದೆಂಬುದು ಅನೇಕರಿಗೆ ತಿಳಿಯದು. ಒಡವೆ, ಬೆಳ್ಳಿ ಪಾತ್ರೆ, ಚಿತ್ರಕಲಾಕೃತಿಗಳಂಥ ಬೆಲೆಬಾಳುವ ವಸ್ತುಗಳು ಈ ಸಾಮಾನಿನಲ್ಲಿ ಸೇರುವುದಿಲ್ಲ. ಅವುಗಳ ಬೆಲೆಯನ್ನು ಮೊದಲೇ ಒಪ್ಪಿಕೊಂಡು ಬೇರೆಯಾಗಿ ಸೇರಿಸಬೇಕು.

ಎರಡನೆಯದು, ಎಷ್ಟಕ್ಕೆ? ಇಲ್ಲಿಯೇ ಹೆಚ್ಚು ಜನ ತಪ್ಪುವುದು. ಮನೆಯನ್ನು ಮಾರಿದರೆ ಬರುವ ಬೆಲೆ ಬೇರೆ, ಅದನ್ನು ಮತ್ತೆ ಕಟ್ಟಲು ತಗಲುವ ವೆಚ್ಚ ಬೇರೆ. ಮಾರುವ ಬೆಲೆಯಲ್ಲಿ ನೆಲದ ಬೆಲೆ ಸೇರಿರುತ್ತದೆ. ವಿಮೆಯಲ್ಲಿ ನೆಲಕ್ಕೆ ಸ್ಥಾನವಿಲ್ಲ. ಮನೆಯ ಒಳವಿಸ್ತೀರ್ಣವನ್ನು ನಮ್ಮ ಊರಿನಲ್ಲಿ ಅಂಥ ಮನೆ ಕಟ್ಟಲು ಈಗ ತಗಲುವ ದರದಿಂದ ಗುಣಿಸಿ, ಆವರಣದ ಗೋಡೆ ಮೊದಲಾದವುಗಳ ವೆಚ್ಚವನ್ನು ಕೂಡಿಸಿದರೆ ಬರುವುದೇ ವಿಮೆಯ ಮೊಬಲಗು. ಉದಾಹರಣೆಗೆ, 1,200 ಚದರಡಿಯ ಮನೆಯೆನ್ನಿ; ಚದರಡಿಗೆ 2,000 ರೂಪಾಯಿಯೆನ್ನಿ. 24 ಲಕ್ಷವಾಯಿತು. ಅದರ ನೂರಕ್ಕೆ 20, ಎಂದರೆ 4 ಲಕ್ಷ 80 ಸಾವಿರ, ಸಾಮಾನಿಗೆ. ಆ ಮನೆ ನಿಂತ ನೆಲ 50 ಲಕ್ಷದ್ದಾಗಿದ್ದರೂ ಈ ಲೆಕ್ಕ ಬದಲಾಗದು.

ನೆಲ ಹೊರಗಿರುವುದರ ಅರ್ಥ ನನಗೆ ಪೂರ್ತಿ ಮನದಟ್ಟಾದುದು ಕೊಡಗನ್ನು ನೆನೆದಾಗ. 2018ರ ಆಗಸ್ಟಿನಲ್ಲಿ ಅಲ್ಲಿ ಗುಡ್ಡಗಳು ಕುಸಿದು, ಮನೆಗಳಷ್ಟೇ ಅಲ್ಲ, ಮನೆ ನಿಂತಿದ್ದ ನೆಲವೇ ಜಾರಿ ಹೋಯಿತು. ಭೂಕುಸಿತ ವಿಮೆಯ ವ್ಯಾಪ್ತಿಯಲ್ಲಿದೆ. ಕಟ್ಟಡಕ್ಕೆ ಪರಿಹಾರ ಸಿಗುತ್ತದೆ. ಆದರೆ ಹೋದ ನೆಲವನ್ನು ಯಾವ ಪಾಲಿಸಿಯೂ ತಂದುಕೊಡದು. ವಿಮೆಗೆ ಇರುವ ಮಿತಿಯನ್ನು ಮುಚ್ಚಿಟ್ಟು ಅದನ್ನು ಹೊಗಳುವುದು ಸರಿಯಲ್ಲವೆಂದು ಈ ಮಾತು ಹೇಳಿದೆ.

ಮೊಬಲಗನ್ನು ಕಡಮೆ ಬರೆಸಿ ಕಂತು ಉಳಿಸುವ ಜಾಣತನ ಕೆಲವರಲ್ಲಿದೆ. ಹಳೆಯ ಪಾಲಿಸಿಗಳಲ್ಲಿ ಇದಕ್ಕೆ ‘ಸರಾಸರಿಯ ಷರತ್ತು’ ಎಂಬ ದಂಡವಿತ್ತು. 40 ಲಕ್ಷದ ಮನೆಗೆ 20 ಲಕ್ಷದ ವಿಮೆ ಮಾಡಿಸಿದ್ದರೆ ಅರ್ಧ ಅಪಾಯವನ್ನು ನೀವೇ ಹೊತ್ತಿದ್ದೀರಿ ಎಂದರ್ಥ. ಆದುದರಿಂದ 10 ಲಕ್ಷದ ನಷ್ಟವಾದರೆ ಸಿಕ್ಕುತ್ತಿದ್ದುದು 5 ಲಕ್ಷ ಮಾತ್ರ. ಗೃಹ ರಕ್ಷಾ ಪಾಲಿಸಿಯಲ್ಲಿ ಈ ಕಡಿತವನ್ನು ಬಿಟ್ಟುಕೊಟ್ಟಿದ್ದಾರೆ. ಆದರೂ ಮನೆ ಪೂರ್ತಿ ನಾಶವಾದರೆ ಸಿಗುವುದು ಬರೆಸಿದ ಮೊಬಲಗಿನ ಮಿತಿಯೊಳಗೇ. ಇನ್ನೊಂದು ಅನುಕೂಲ: ಹತ್ತು ವರ್ಷದವರೆಗಿನ ದೀರ್ಘಾವಧಿಗೆ ಒಮ್ಮೆಲೇ ಮಾಡಿಸಿದರೆ ಕಟ್ಟಡದ ಮೊಬಲಗು ವರ್ಷಕ್ಕೆ ನೂರಕ್ಕೆ 10ರಂತೆ ತಾನಾಗಿ ಏರುತ್ತದೆ. ಸಿಮೆಂಟು, ಕಬ್ಬಿಣ, ಕೂಲಿಗಳ ಏರಿಕೆಯನ್ನು ಬಲ್ಲವರಿಗೆ ಇದರ ಬೆಲೆ ಗೊತ್ತು. ಕಂತು ಬಹಳವೇನೋ ಎಂದು ಹೆದರಬೇಡಿ. ನಾನು ವರ್ಷಕ್ಕೆ ಕಟ್ಟುವುದು ನಮ್ಮ ಮನೆಯ ಒಂದು ತಿಂಗಳ ಹಾಲಿನ ಲೆಕ್ಕವನ್ನು ಮೀರುವುದಿಲ್ಲ.

ಮೂರನೆಯದು, ಯಾವುದರಿಂದ? ಪಟ್ಟಿ ಉದ್ದವಾಗಿದೆ. ಬೆಂಕಿ, ಸ್ಫೋಟ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ಸುನಾಮಿ, ಭೂಕುಸಿತ, ಕಾಡ್ಗಿಚ್ಚು. ಮರ ಬೀಳುವುದು, ವಾಹನ ಬಂದು ಗೋಡೆಗೆ ಬಡಿಯುವುದು. ದಂಗೆ, ಮುಷ್ಕರ, ದುರುದ್ದೇಶದ ಹಾನಿ, ಭಯೋತ್ಪಾದನೆ. ನೀರಿನ ಟಾಕಿ ಅಥವಾ ಕೊಳವೆ ಒಡೆಯುವುದು. ಮನೆ ವಾಸಕ್ಕೆ ಯೋಗ್ಯವಲ್ಲದಂತಾದರೆ, ದುರಸ್ತಿಯಾಗುವವರೆಗೆ ಬೇರೆಡೆ ಇರಲು ತೆರುವ ಬಾಡಿಗೆಯೂ, ಮನೆಯನ್ನು ಬಾಡಿಗೆಗೆ ಕೊಟ್ಟವರಿಗೆ ತಪ್ಪಿದ ಬಾಡಿಗೆಯೂ ಸೇರುತ್ತದೆ. ಬಿದ್ದ ಅವಶೇಷ ಸಾಗಿಸುವ ವೆಚ್ಚಕ್ಕೂ ಒಂದು ಮಿತಿಯೊಳಗೆ ಹಣ ಕೊಡುತ್ತಾರೆ.

ಇವುಗಳಲ್ಲಿ ಎಷ್ಟೋ ನಮಗೆ ಸಂಬಂಧಿಸಿದವಲ್ಲ ಎಂದು ನಿಮಗೆ ತೋರಬಹುದು. ದಖ್ಖನ್ ಪ್ರಸ್ಥಭೂಮಿ ಗಟ್ಟಿ ನೆಲ, ಇಲ್ಲಿ ದೊಡ್ಡ ಭೂಕಂಪವಾಗದು ಎಂಬ ನಂಬಿಕೆ ನಮ್ಮಲ್ಲಿ ಬಹಳ ಕಾಲ ಇತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಮ್ಮ ಬೀದರ್ ಕಲಬುರ್ಗಿಗಳ ನೆರೆಯಲ್ಲಿಯೇ ಇರುವ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಆ ನಂಬಿಕೆ ಸಾವಿರಾರು ಜನರ ಮೇಲೆ ಕುಸಿದು ಬಿತ್ತು. ನೆರೆ ನದೀತೀರದವರಿಗೆ ಮಾತ್ರ ಎಂಬ ನನ್ನ ನಂಬಿಕೆ ನನ್ನ ಓದುವ ಕೋಣೆಯಲ್ಲಿಯೇ ಮುಳುಗಿತು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ ಸಿರಿವಂತರೂ ದೋಣಿ, ಟ್ರ್ಯಾಕ್ಟರುಗಳಲ್ಲಿ ಕುಳಿತು ಮನೆ ಬಿಟ್ಟದ್ದನ್ನು ನೀವೆಲ್ಲ ನೋಡಿದ್ದೀರಿ.

ಇನ್ನು ಕೊನೆಯ ಪ್ರಶ್ನೆ: ಯಾವುದನ್ನು ಬಿಟ್ಟಿದೆ? ಪಾಲಿಸಿಯ ಈ ಭಾಗವನ್ನು ಜನ ಓದುವುದಿಲ್ಲ. ಓದಬೇಕಾದುದು ಮುಖ್ಯವಾಗಿ ಇದನ್ನೇ. ಸಾಮಾನ್ಯ ಕಳ್ಳತನ ಇದರಲ್ಲಿ ಸೇರಿಲ್ಲ. ನೆರೆ, ಬೆಂಕಿ ಮೊದಲಾದ ಆಪತ್ತಿನ ಕಾರಣದಿಂದಾಗಿ, ಅದಾದ ಏಳು ದಿನಗಳೊಳಗೆ ನಡೆದ ಕಳವಿಗೆ ಮಾತ್ರ ಪರಿಹಾರವುಂಟು. ಮದುವೆಗೆಂದು ಬೀಗ ಹಾಕಿಕೊಂಡು ಹೋದಾಗ ಮನೆ ಒಡೆದರೆ, ಅದಕ್ಕೆ ಬೇರೆ ಕಳವಿನ ವಿಮೆ ಬೇಕು. ಕಾಲಕ್ರಮದ ಸವೆತ, ಹೊಸ ಕಟ್ಟಡ ಕೂರುವಾಗ ಬರುವ ಸಹಜ ಬಿರುಕು, ಕೆಟ್ಟ ಕೆಲಸದಿಂದಾದ ದೋಷ ಇವು ಸೇರಿಲ್ಲ. ಶಾರ್ಟ್ ಸರ್ಕಿಟ್ ಆಗಿ ಫ್ರಿಜ್ಜು ಸುಟ್ಟರೆ ಆ ಫ್ರಿಜ್ಜಿಗೆ ಹಣವಿಲ್ಲ. ಅದರಿಂದ ಬೆಂಕಿ ಹಬ್ಬಿ ಅಡಿಗೆಮನೆ ಸುಟ್ಟರೆ ಅಡಿಗೆಮನೆಗೆ ಉಂಟು. ಯುದ್ಧ, ಅಣುವಿಕಿರಣ, ಮನೆಯವರೇ ಬೇಕೆಂದು ಮಾಡಿದ ಹಾನಿ ಇವಂತೂ ಇಲ್ಲವೇ ಇಲ್ಲ.

ಇದರೊಡನೆ ಒಂದು ನೀತಿಯ ಮಾತನ್ನೂ ಸೇರಿಸಬೇಕು. ವಿಮೆಯ ಕರಾರು ಪರಮ ವಿಶ್ವಾಸದ ಕರಾರು. ಮನೆಯ ಮುಂಭಾಗದಲ್ಲಿ ಅಂಗಡಿಯಿದ್ದರೆ, ಗೋಡೆ ಮಣ್ಣಿನದಾಗಿದ್ದರೆ, ಅದನ್ನು ಮೊದಲೇ ಹೇಳಬೇಕು. ಕಂತು ಸ್ವಲ್ಪ ಏರೀತೆಂದು ಮುಚ್ಚಿಟ್ಟರೆ ಬೇಕಾದಾಗ ಪಾಲಿಸಿಯೇ ಕೈ ಬಿಡುತ್ತದೆ. ಹಾಗೆಯೇ ವಿಮೆ ಲಾಭದ ಮಾರ್ಗವಲ್ಲ. ಒಂದೇ ನಷ್ಟಕ್ಕೆ ಎರಡು ಕಂಪನಿಗಳಿಂದ ಪೂರ್ತಿ ಹಣ ಪಡೆಯುವಂತಿಲ್ಲ.

ನಷ್ಟವಾದಾಗ ಮಾಡಬೇಕಾದುದೇನು? ಅಂಚೆ ಮಾಸ್ತರರು ಮಾಡಿದ್ದನ್ನೇ ಹೇಳುತ್ತೇನೆ. ನೀರು ಇಳಿಯುವ ಮೊದಲೇ ಅವರು ಕಂಪನಿಗೆ ಫೋನು ಮಾಡಿ ತಿಳಿಸಿದರು. ಪ್ರತಿಯೊಂದು ಕೋಣೆಯ ಚಿತ್ರ ತೆಗೆದರು. ಗೋಡೆಯ ಮೇಲೆ ನೀರು ನಿಂತ ಗುರುತಿಗೆ ಸುಣ್ಣದಿಂದ ಗೆರೆ ಎಳೆದರು. ಉಳಿದದ್ದು ಕೆಡದಂತೆ ಎತ್ತಿಟ್ಟರು. ಹಾನಿ ಹೆಚ್ಚದಂತೆ ನೋಡಿಕೊಳ್ಳುವುದೂ ಕರಾರಿನ ಭಾಗ. ಕೆಟ್ಟ ಸಾಮಾನನ್ನು ಸರ್ವೇಯರು ಬಂದು ನೋಡುವವರೆಗೆ ಎಸೆಯಲಿಲ್ಲ. ಹಳೆಯ ರಸೀದಿಗಳನ್ನು ಒಂದು ಡಬ್ಬಿಯಲ್ಲಿಟ್ಟಿದ್ದರು. ಅವನ್ನು ಅರ್ಜಿಯೊಡನೆ ಕೊಟ್ಟರು. ಗೃಹ ರಕ್ಷಾ ಪಾಲಿಸಿಯಲ್ಲಿ ನಷ್ಟ ಗಮನಕ್ಕೆ ಬಂದ 30 ದಿನಗಳೊಳಗೆ ಈ ಅರ್ಜಿ ಸಲ್ಲಬೇಕು. ಕಳವು ಅಥವಾ ದುರುದ್ದೇಶದ ಹಾನಿಯಾದರೆ ಪೊಲೀಸರಿಗೂ, ಬೆಂಕಿಯಾದರೆ ಅಗ್ನಿಶಾಮಕ ದಳಕ್ಕೂ ತಿಳಿಸಿರಬೇಕು.

ಕಂಪನಿಯ ತೀರ್ಮಾನ ನ್ಯಾಯವೆನಿಸದಿದ್ದರೆ ಮೊದಲು ಆ ಕಂಪನಿಗೇ ಬರಹದಲ್ಲಿ ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತಾರದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್ ಅವರ ಬಳಿಗೆ ಹೋಗಬಹುದು. ಕರ್ನಾಟಕದವರಿಗೆ ಈ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ. ತನ್ನ ಪಾಲಿಸಿಯನ್ನು ಓದಿಕೊಂಡವನು ಅಲ್ಲಿ ತನ್ನ ವಾದವನ್ನು ತಾನೇ ಹೇಳಬಲ್ಲ.

ಈಗ ಆ ಟ್ರಂಕಿನ ಮಾತು. ಅದರಲ್ಲಿ ಆರು ನೋಟುಪುಸ್ತಕಗಳಿದ್ದವು. ನನ್ನ ಶ್ರೀಮತಿ ತನ್ನ ತಾಯಿಯ ಬಾಯಿಂದ ಕೇಳಿದ ಬೀಸುವ ಕಲ್ಲಿನ ಪದಗಳನ್ನೂ ಸೋಬಾನದ ಪದಗಳನ್ನೂ ವರ್ಷಗಟ್ಟಲೆ ಅವುಗಳಲ್ಲಿ ಬರೆದಿಟ್ಟಿದ್ದಳು. ಆಕೆ 2014ರಲ್ಲಿ ತೀರಿಕೊಂಡಳು. ನಿವೃತ್ತನಾದ ಮೇಲೆ ಅವನ್ನು ಸಂಪಾದಿಸಿ ಅಚ್ಚು ಹಾಕಿಸಬೇಕೆಂದು ನಾನಿದ್ದೆ. ನಾಳೆ ನಾಳೆ ಎಂದು ಒಂದು ವರ್ಷ ಕಳೆದಿತ್ತು. ನೀರು ಇಳಿದ ಮೇಲೆ ಹಾಳೆ ಹಾಳೆಯ ನಡುವೆ ಹಳೆಯ ಪತ್ರಿಕೆಯ ಕಾಗದವಿಟ್ಟು ಫ್ಯಾನಿನ ಕೆಳಗೆ ಒಣಗಿಸಿದೆವು. ಪೆನ್ಸಿಲಿನಿಂದ ಬರೆದಿದ್ದ ಎರಡೂ, ಬಾಲ್‌ಪೆನ್ನಿನ ಒಂದೂ ಉಳಿದವು. ಶಾಯಿಯಿಂದ ಬರೆದಿದ್ದ ಮೂರು ನೀಲಿಯ ಕಲೆಗಳಾಗಿ ಹೋದವು. ಆ ಪದಗಳನ್ನು ಬಲ್ಲ ಬೇರೊಂದು ಬಾಯಿ ಈಗಿಲ್ಲ.

ಹೊಸ ಪಾಲಿಸಿಯನ್ನು ಕೊಂಡಾಗ ಬಿಟ್ಟದ್ದರ ಪಟ್ಟಿಯನ್ನು ಬೆರಳಿಟ್ಟು ಓದಿದೆ. ಚಿನ್ನದ ಗಟ್ಟಿ, ನಾಣ್ಯ, ನೋಟು, ಚೆಕ್ಕು, ದಸ್ತಾವೇಜು, ವಾಹನ ಇವುಗಳ ನಡುವೆ ಒಂದು ಶಬ್ದ ಕಣ್ಣಿಗೆ ಬಿತ್ತು: ಹಸ್ತಪ್ರತಿ. ಪಾಲಿಸಿಯಲ್ಲಿ ಬೇರೆಯಾಗಿ ಕಾಣಿಸಿದ್ದರೆ ಹೊರತು ಹಸ್ತಪ್ರತಿಗಳಿಗೆ ಪರಿಹಾರವಿಲ್ಲ. ಒಂದು ಕ್ಷಣ ಸಿಟ್ಟು ಬಂತು. ಯೋಚಿಸಿದಾಗ ಅದರ ನ್ಯಾಯ ತಿಳಿಯಿತು. ವಿಮೆ ಕೊಡಬಲ್ಲದ್ದು ಹಣವನ್ನು. ಹಣದಿಂದ ಮತ್ತೆ ಕೊಳ್ಳಬಹುದಾದದ್ದನ್ನು ಅದು ಕಾಯಬಲ್ಲದು. ಗೋಡೆಗೆ ದರವಿದೆ, ಮಂಚಕ್ಕೆ ಬೆಲೆಯಿದೆ. ಆ ಮೂರು ನೋಟುಪುಸ್ತಕಗಳಿಗೆ ಎಷ್ಟು ರೂಪಾಯಿಯೆಂದು ಸರ್ವೇಯರು ಕೇಳಿದ್ದರೆ ನಾನೇ ಏನು ಹೇಳುತ್ತಿದ್ದೆ?

ಆದುದರಿಂದ ಆ ಪಟ್ಟಿಯನ್ನು ನಾನೀಗ ಬೇರೆ ರೀತಿಯಲ್ಲಿ ಓದುತ್ತೇನೆ. ಕಂಪನಿ ಕಾಯಲಾರೆನೆಂದು ಪ್ರಾಮಾಣಿಕವಾಗಿ ಬರೆದುಕೊಟ್ಟದ್ದನ್ನು ನಾವು ಕಾಯಬೇಕು. ಆ ಭಾಗ ನಿರಾಕರಣೆಯ ಪಟ್ಟಿ ಮಾತ್ರವಲ್ಲ. ಮನೆಯೊಡೆಯನ ಕರ್ತವ್ಯದ ಪಟ್ಟಿಯೂ ಹೌದು. ಉಳಿದ ಮೂರು ನೋಟುಪುಸ್ತಕಗಳನ್ನು ಮಗಳು ಪುಟ ಪುಟವಾಗಿ ಚಿತ್ರ ತೆಗೆದು ತನ್ನ ಬಳಿ ಒಂದು ಪ್ರತಿ, ನನ್ನ ಬಳಿ ಒಂದು ಪ್ರತಿ ಇರುವಂತೆ ಮಾಡಿದ್ದಾಳೆ. ಮೂಲ ಪ್ರತಿಗಳು ಕಪಾಟಿನ ಎಲ್ಲಕ್ಕಿಂತ ಮೇಲಿನ ಖಾನೆಯಲ್ಲಿವೆ. ಮನೆಯ ಕಾಗದಪತ್ರಗಳೂ ಅಲ್ಲಿಯೇ. ಕೆಳಗಿನ ಖಾನೆಯಲ್ಲಿ ಅಂಗಡಿಯಲ್ಲಿ ಮತ್ತೆ ಸಿಗುವ ಪುಸ್ತಕಗಳನ್ನಿಟ್ಟಿದ್ದೇನೆ.

ಕೇಳುಗ ಮಿತ್ರರೆ, ನಿಮ್ಮಲ್ಲಿ ಅನೇಕರ ಮನೆಗಳಲ್ಲಿ ಬ್ಯಾಂಕಿನವರು ಕೊಟ್ಟ ಅಂಥ ಒಂದು ಲಕೋಟೆ ಕಪಾಟಿನಲ್ಲಿದ್ದೀತು. ಇಂದು ರಾತ್ರಿ ಊಟವಾದ ಮೇಲೆ ಅದನ್ನು ತೆಗೆಯಿರಿ. ಯಾರ ಹೆಸರಿನಲ್ಲಿದೆ, ಯಾವ ತಾರೀಖಿನವರೆಗೆ ಇದೆ, ಯಾವುದನ್ನು, ಎಷ್ಟಕ್ಕೆ, ಯಾವುದರಿಂದ ಎಂದು ಓದಿ ನೋಡಿ. ಬಿಟ್ಟದ್ದರ ಪಟ್ಟಿಯನ್ನು ಎರಡು ಬಾರಿ ಓದಿ. ಅರ್ಥವಾಗದ ಶಬ್ದಕ್ಕೆ ಗೆರೆ ಎಳೆದು ಬಲ್ಲವರನ್ನು ಕೇಳಿ. ನಮ್ಮ ಅಂಚೆ ಮಾಸ್ತರರಂಥವರು ಪ್ರತಿ ಓಣಿಯಲ್ಲಿಯೂ ಒಬ್ಬರಿರುತ್ತಾರೆ. ಸ್ವಲ್ಪ ನಗುತ್ತಾರೆ, ಆದರೆ ಹೇಳಿಕೊಡುತ್ತಾರೆ.

(ಬಾನುಲಿ ಭಾಷಣ)